ಪೋಸ್ಟ್‌ಡಾಕ್ಟರಲ್ ಸಂಶೋಧನಾ ಹುದ್ದೆಯ ಇತಿಹಾಸ

ಪಿಎಚ್.ಡಿ. ಪದವಿ ಪಡೆದವರು ಕಾಯಂ ಹುದ್ದೆ ಹಿಡಿಯುವ ಮುನ್ನ, ಹಿರಿಯ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲೋ ವಿಶ್ವವಿದ್ಯಾಲಯದ ವಿಭಾಗದಲ್ಲೋ ನಿಗದಿತ ಅವಧಿಗೆ ಕೈಗೊಳ್ಳುವ ಪೂರ್ಣಾವಧಿ ಸಂಶೋಧನೆಗೆ ಪೋಸ್ಟ್‌ಡಾಕ್ಟರಲ್ ಸಂಶೋಧನೆ ಎಂದು ಹೆಸರು. ಆ ಹುದ್ದೆಯನ್ನೂ ಅದರಲ್ಲಿರುವವರನ್ನೂ ಬಳಕೆಯಲ್ಲಿ ಪೋಸ್ಟ್‌ಡಾಕ್ ಎಂದೇ ಕರೆಯುತ್ತಾರೆ. ಇದಕ್ಕೆ ಹಣ ಎರಡು ದಾರಿಗಳಲ್ಲಿ ಬರುತ್ತದೆ. ಸಂಶೋಧಕರ ಹೆಸರಿಗೇ ಮಂಜೂರಾಗುವ ವೇತನ ಫೆಲೋಶಿಪ್. ಪ್ರಯೋಗಾಲಯದ ಮುಖ್ಯಸ್ಥರು ತಮಗೆ ಒಂದು ಯೋಜನೆಗಾಗಿ ಬಂದ ಅನುದಾನದಿಂದ ಕೊಡುವ ಸಂಬಳ ಎರಡನೆಯದು. ಮೊದಲನೆಯದರಲ್ಲಿ ಸಂಶೋಧಕರು ಪ್ರಯೋಗಾಲಯವನ್ನು ಆರಿಸಿಕೊಳ್ಳುತ್ತಾರೆ, ಎರಡನೆಯದರಲ್ಲಿ ಪ್ರಯೋಗಾಲಯ ಸಂಶೋಧಕರನ್ನು ಆರಿಸಿಕೊಳ್ಳುತ್ತದೆ. ಈ ಹುದ್ದೆಯನ್ನು ಕುರಿತ ಬಹುಪಾಲು ಬರಹಗಳು ಇವೆರಡನ್ನೂ ಒಂದೇ ಹೆಸರಿನಡಿ ಸೇರಿಸಿ, ಪ್ರಸಿದ್ಧ ಫೆಲೋಗಳ ಸಾಧನೆಯನ್ನೇ ಇಡೀ ಹುದ್ದೆಯ ಚರಿತ್ರೆಯೆಂಬಂತೆ ಹೇಳುತ್ತ ಬಂದಿರುವುದರಿಂದ, ಹುದ್ದೆಯ ಸ್ವರೂಪ ಯಾವಾಗ ಬದಲಾಯಿತೆಂಬುದು ಮಸುಕಾಗಿಯೇ ಉಳಿದಿದೆ.

ಆರಂಭದ ಬಗ್ಗೆಯೇ ಒಮ್ಮತವಿಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1876ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ಡೇನಿಯಲ್ ಕಾಯ್ಟ್ ಗಿಲ್ಮನ್ ವರ್ಷಕ್ಕೆ 500 ಡಾಲರ್‌ಗಳ 20 ಫೆಲೋಶಿಪ್‌ಗಳನ್ನು ಸ್ಥಾಪಿಸಿದರು. ಅವನ್ನು ಪಡೆದವರಲ್ಲಿ ಕೆಲವರು ಆಗಲೇ ಡಾಕ್ಟರೇಟ್ ಪಡೆದಿದ್ದರೆಂಬ ಆಧಾರದ ಮೇಲೆ ಇದನ್ನೇ ಮೊದಲ ಪೋಸ್ಟ್‌ಡಾಕ್ ಎನ್ನುವವರಿದ್ದಾರೆ. ಆದರೆ ಅದೇ ತಂಡದಲ್ಲಿದ್ದ ತತ್ತ್ವಶಾಸ್ತ್ರಜ್ಞ ಜೊಸಾಯ ರಾಯ್ಸ್ ಅಲ್ಲಿಯೇ 1878ರಲ್ಲಿ ಪಿಎಚ್.ಡಿ. ಪಡೆದದ್ದನ್ನು ನೋಡಿದರೆ, ಆ ಫೆಲೋಶಿಪ್ ಪದವಿಯ ಮುಂಚಿನವರಿಗೂ ನಂತರದವರಿಗೂ ಸಮಾನವಾಗಿ ತೆರೆದಿತ್ತೆಂಬುದು ಸ್ಪಷ್ಟ. ಜರ್ಮನಿಯ ವಿಶ್ವವಿದ್ಯಾಲಯಗಳ ಪ್ರಿವಾಟ್‌ಡೊಟ್ಸೆಂಟ್ ಪದ್ಧತಿಯನ್ನು, ಎಂದರೆ ಡಾಕ್ಟರೇಟ್ ನಂತರ ಇನ್ನೊಂದು ಪ್ರೌಢ ಪ್ರಬಂಧವನ್ನು ಒಪ್ಪಿಸಿ, ನಿಶ್ಚಿತ ಸಂಬಳವಿಲ್ಲದೆ ಪಾಠ ಹೇಳುವ ಹಕ್ಕನ್ನು ಪಡೆಯುವ ಕ್ರಮವನ್ನು, ಮೂಲವೆಂದು ತೋರಿಸುವುದೂ ಉಂಟು. ಆದರೆ ಅದು ಬೋಧನೆಯ ಅರ್ಹತೆಗೆ ಸಂಬಂಧಿಸಿದ್ದು, ಸಂಶೋಧನೆಗೆ ಮೀಸಲಾದ ಅವಧಿಯಲ್ಲ. ಹಾರ್ವರ್ಡ್‌ನಲ್ಲಿ 1933ರಲ್ಲಿ ಆರಂಭವಾದ ಸೊಸೈಟಿ ಆಫ್ ಫೆಲೋಸ್ ಅನ್ನು ಈ ಪಟ್ಟಿಗೆ ಸೇರಿಸುವುದಂತೂ ತಲೆಕೆಳಗಾದ ಮಾತು: ಅದರ ಹಿಂದಿದ್ದ ಲಾರೆನ್ಸ್ ಲೋವೆಲ್ ಅವರ ಉದ್ದೇಶ ಪಿಎಚ್.ಡಿ.ಗೇ ಒಂದು ಪರ್ಯಾಯವನ್ನು ಒದಗಿಸುವುದಾಗಿತ್ತು. ಇಂದು ಅದರ ಕಿರಿಯ ಫೆಲೋಗಳಲ್ಲಿ ಹೆಚ್ಚಿನವರು ಪಿಎಚ್.ಡಿ. ಪಡೆದವರೇ ಆಗಿರುವುದು ಬೇರೆ ಮಾತು.

ಡಾಕ್ಟರೇಟ್ ಪಡೆದವರಿಗೆಂದೇ, ಸಂಶೋಧನೆಗೆಂದೇ, ರಾಷ್ಟ್ರಮಟ್ಟದಲ್ಲಿ ನಡೆದ ಮೊದಲ ದೊಡ್ಡ ವ್ಯವಸ್ಥೆ ಯಾವುದೆಂದು ಕೇಳಿದರೆ 1919ರ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಫೆಲೋಶಿಪ್‌ಗಳನ್ನು ಹೆಸರಿಸುವುದೇ ಸರಿ. ಮೊದಲ ಮಹಾಯುದ್ಧದ ಕೊನೆಯಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳಿಗೆ ಒಂದು ಪ್ರತ್ಯೇಕ ಸಂಶೋಧನಾಲಯವನ್ನು ಕಟ್ಟುವ ಆಲೋಚನೆ ರಾಕ್‌ಫೆಲರ್ ಪ್ರತಿಷ್ಠಾನದಲ್ಲಿ ಇತ್ತು. ಖಗೋಳಜ್ಞ ಜಾರ್ಜ್ ಎಲರಿ ಹೇಲ್, ಭೌತಶಾಸ್ತ್ರಜ್ಞ ರಾಬರ್ಟ್ ಮಿಲಿಕನ್, ರಸಾಯನಶಾಸ್ತ್ರಜ್ಞ ಆರ್ಥರ್ ನೋಯೆಸ್ ಮುಂತಾದವರ ನಡುವೆ ನಡೆದ ಚರ್ಚೆಯ ಕೊನೆಗೆ, ಆ ಹಣವನ್ನು ಒಂದೇ ಕಟ್ಟಡಕ್ಕೆ ಸುರಿಯುವ ಬದಲು ಪ್ರತಿಭಾವಂತ ಯುವಕರಿಗೆ ಕೊಟ್ಟು, ಅವರು ತಮಗೆ ಬೇಕಾದ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಲೆಂಬ ವಾದ ಗೆದ್ದಿತು. ಐದು ವರ್ಷಗಳಿಗೆಂದು 5 ಲಕ್ಷ ಡಾಲರ್ ಮಂಜೂರಾಯಿತು; ಮುಂದೆ ಇದು ವೈದ್ಯವಿಜ್ಞಾನ ಮತ್ತು ಜೀವವಿಜ್ಞಾನಗಳಿಗೂ ವಿಸ್ತರಿಸಿತು. ರಾಕ್‌ಫೆಲರ್ ಹಣದಿಂದಲೇ 1923ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಎಜುಕೇಷನ್ ಬೋರ್ಡ್ ಈ ಕ್ರಮವನ್ನು ಗಡಿ ದಾಟಿಸಿತು. ಭೌತಶಾಸ್ತ್ರಜ್ಞ ಹೈಸೆನ್‌ಬರ್ಗ್ 1924ರಲ್ಲಿ ಕೋಪನ್‌ಹೇಗನ್ನಿನ ನೀಲ್ಸ್ ಬೋರ್ ಅವರಲ್ಲಿಗೆ ಹೋದದ್ದು ಈ ಮಂಡಳಿಯ ನೆರವಿನಿಂದ. ಗಾಟಿಂಗೆನ್‌ನಲ್ಲಿ 1927ರಲ್ಲಿ ಡಾಕ್ಟರೇಟ್ ಮುಗಿಸಿದ ಓಪನ್‌ಹೈಮರ್, ಕೌನ್ಸಿಲಿನ ಫೆಲೋಶಿಪ್‌ನಲ್ಲಿ ಹಾರ್ವರ್ಡ್ ಮತ್ತು ಕ್ಯಾಲ್‌ಟೆಕ್‌ಗಳಲ್ಲಿ ಒಂದು ವರ್ಷವನ್ನೂ, ಮಂಡಳಿಯ ಫೆಲೋಶಿಪ್‌ನಲ್ಲಿ ಲೈಡನ್ ಮತ್ತು ಜ್ಯೂರಿಕ್‌ಗಳಲ್ಲಿ ಇನ್ನೊಂದು ವರ್ಷವನ್ನೂ ಕಳೆದರು.

ಫೆಲೋ ತನ್ನ ಜಾಗವನ್ನು ತಾನೇ ಆರಿಸಿಕೊಳ್ಳುತ್ತಿದ್ದನೆಂಬುದು ನಿಯಮದ ಮಟ್ಟಿಗೆ ನಿಜ. ನಡೆಯುತ್ತಿದ್ದುದು ಎಷ್ಟೋ ಸಲ ಬೇರೆಯೇ. ಲೈನಸ್ ಪೌಲಿಂಗ್ 1925ರಲ್ಲಿ ಪಿಎಚ್.ಡಿ. ಮುಗಿಸಿದಾಗ ಬರ್ಕ್ಲಿಯ ಗಿಲ್ಬರ್ಟ್ ಲೂಯಿಸ್ ಅವರ ಬಳಿಗೆ ಹೋಗಬಯಸಿದ್ದರು. ಈ ಫೆಲೋಶಿಪ್‌ಗಳನ್ನು ರೂಪಿಸಿದವರಲ್ಲೊಬ್ಬರಾದ ನೋಯೆಸ್ ಅವರೇ, ಕ್ಯಾಲ್‌ಟೆಕ್ ತನ್ನ ಒಳ್ಳೆಯ ವಿದ್ಯಾರ್ಥಿಯನ್ನು ಕಳೆದುಕೊಳ್ಳಬಾರದೆಂದು, ಮೊದಲು ಅವರನ್ನು ಅಲ್ಲಿಯೇ ನಿಲ್ಲಿಸಿಕೊಂಡು, ಆ ಮೇಲೆ ಗುಗನ್‌ಹೈಮ್ ಫೆಲೋಶಿಪ್ ಕೊಡಿಸಿ ಮ್ಯೂನಿಕ್‌ಗೆ ಕಳುಹಿಸುವ ಏರ್ಪಾಡು ಮಾಡಿದರು. ಕಾಲು ಶತಮಾನದ ನಂತರ ಜೇಮ್ಸ್ ವಾಟ್ಸನ್ ಪ್ರಸಂಗದಲ್ಲಿ ಇದೇ ಎಳೆದಾಟ ತಿರುಗುಮುರುಗಾಗಿ ನಡೆಯಿತು. ಮೆರ್ಕ್ ಫೆಲೋಶಿಪ್‌ನಲ್ಲಿ ಜೀವರಸಾಯನ ಕಲಿಯಲೆಂದು ಕೋಪನ್‌ಹೇಗನ್ನಿಗೆ ಹೋಗಿದ್ದ ವಾಟ್ಸನ್, 1951ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ತಮ್ಮಷ್ಟಕ್ಕೆ ಸ್ಥಳ ಬದಲಿಸಿಕೊಂಡರು. ಫೆಲೋಶಿಪ್ ಮಂಡಳಿ ಅದಕ್ಕೆ ಆಕ್ಷೇಪವೆತ್ತಿ ನೆರವಿನ ಅವಧಿಯನ್ನು ಮೊಟಕುಗೊಳಿಸಿತು. ಡಿಎನ್‌ಎಯ ಜೋಡಿ ಸುರುಳಿಯ ರಚನೆ 1953ರಲ್ಲಿ ಪ್ರಕಟವಾದದ್ದು ಆ ಅನಧಿಕೃತ ವರ್ಗಾವಣೆಯ ಫಲ.

ಹುದ್ದೆಯ ಚರಿತ್ರೆಯಲ್ಲಿ ನಿಜವಾದ ತಿರುವು ಬಂದದ್ದು ಎರಡನೆಯ ಮಹಾಯುದ್ಧದ ನಂತರ, ಅದೂ ಯಾವುದೇ ಘೋಷಣೆಯಿಲ್ಲದೆ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್ ಮತ್ತು 1950ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಸೈನ್ಸ್ ಫೌಂಡೇಷನ್ ಸಂಶೋಧನೆಗೆ ಕೊಡುತ್ತಿದ್ದ ಹಣದ ಬಹುಭಾಗ ಯೋಜನಾ ಅನುದಾನಗಳ ರೂಪದಲ್ಲಿ ಪ್ರಾಧ್ಯಾಪಕರ ಕೈ ಸೇರತೊಡಗಿತು. ಅನುದಾನದ ಅರ್ಜಿಯಲ್ಲಿ ಉಪಕರಣ, ರಾಸಾಯನಿಕ ವಸ್ತುಗಳ ಜೊತೆಗೆ ಒಬ್ಬಿಬ್ಬರು ಪೋಸ್ಟ್‌ಡಾಕ್‌ಗಳ ಸಂಬಳವೂ ಒಂದು ಬಾಬತ್ತಾಯಿತು. ಕಾಯಂ ಸಿಬ್ಬಂದಿಯನ್ನು ನೇಮಿಸುವುದಕ್ಕಿಂತ ಅಗ್ಗವಾಗಿ ತರಬೇತಾದ ಕೈಗಳು ಸಿಗುತ್ತಿದ್ದುದರಿಂದ ಈ ಕ್ರಮ ಬೇಗ ಬೇರೂರಿತು. ಇವರು ವಿದ್ಯಾರ್ಥಿಗಳೂ ಅಲ್ಲ, ಅಧ್ಯಾಪಕರೂ ಅಲ್ಲವಾದ್ದರಿಂದ ವಿಶ್ವವಿದ್ಯಾಲಯದ ಯಾವ ಖಾತೆಯಲ್ಲೂ ಸರಿಯಾಗಿ ದಾಖಲಾಗಲಿಲ್ಲ; 1969ರಲ್ಲಿ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಪ್ರಕಟಿಸಿದ ಅಧ್ಯಯನಕ್ಕೆ ‘ದಿ ಇನ್‌ವಿಸಿಬಲ್ ಯೂನಿವರ್ಸಿಟಿ’ ಎಂದು ಹೆಸರಿಟ್ಟದ್ದು ಈ ಕಾರಣಕ್ಕೇ. ಅಧ್ಯಾಪಕ ಹುದ್ದೆಗಳು 1970ರ ದಶಕದಲ್ಲಿ ವಿರಳವಾದಾಗ ಒಂದೆರಡು ವರ್ಷದ ಹುದ್ದೆ ನಾಲ್ಕೈದು ವರ್ಷಕ್ಕೆ ಎಳೆಯಿತು, ಒಂದು ಮುಗಿದ ಮೇಲೆ ಇನ್ನೊಂದು ಎಂಬ ಸರಣಿಯೂ ಆರಂಭವಾಯಿತು. ಆ ಕಾಲದಿಂದ ಇಂದಿನವರೆಗೆ ಬಂದ ಅಂಕಿಅಂಶಗಳನ್ನು ಎಚ್ಚರದಿಂದ ಓದಬೇಕು: ಒಂದೇ ಕೆಲಸಕ್ಕೆ ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಪದನಾಮ ಇದ್ದುದರಿಂದ ಎಣಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಮೆರಿಕದ ಎರಡು ಮುಖ್ಯ ಧನಸಹಾಯ ಸಂಸ್ಥೆಗಳು ಪೋಸ್ಟ್‌ಡಾಕ್ ಎಂದರೆ ಯಾರೆಂಬ ಸಮಾನ ವ್ಯಾಖ್ಯೆಯನ್ನು ಒಪ್ಪಿಕೊಂಡದ್ದೇ 2007ರಲ್ಲಿ.

ಇತರ ದೇಶಗಳ ಕಥೆ ಚಿಕ್ಕದು. ಭೌತಶಾಸ್ತ್ರಜ್ಞ ತ್ಸುಂಗ್-ದಾವ್ ಲೀ ಅವರ ಸಲಹೆಯಂತೆ ಚೀನಾ 1985ರಲ್ಲಿ ಸರ್ಕಾರಿ ಆದೇಶದ ಮೂಲಕವೇ ಈ ವ್ಯವಸ್ಥೆಯನ್ನು ತಂದಿತು. ಜಪಾನ್ 1996ರ ವಿಜ್ಞಾನ ಯೋಜನೆಯಲ್ಲಿ 10,000 ಪೋಸ್ಟ್‌ಡಾಕ್‌ಗಳಿಗೆ ನೆರವು ನೀಡುವ ಗುರಿಯಿಟ್ಟು ಅದನ್ನು ಅವಧಿಗೆ ಮುಂಚೆಯೇ ಮುಟ್ಟಿತು. ಅವರಿಗೆ ಮುಂದೆ ಕಾಯಂ ಕೆಲಸ ಎಲ್ಲಿ ಎಂಬ ಪ್ರಶ್ನೆ ಆ ಮೇಲೆ ಎದ್ದಿತು. ಜರ್ಮನಿಯ 2007ರ ಕಾನೂನು ತಾತ್ಕಾಲಿಕ ಒಪ್ಪಂದಗಳಿಗೆ ಡಾಕ್ಟರೇಟ್‌ಗೆ ಮುಂಚೆ ಆರು, ನಂತರ ಆರು ವರ್ಷಗಳ ಮಿತಿ ಹಾಕಿತು.

ಭಾರತದ ದಾಖಲೆ ಈ ಯಾವುದರ ಹಾಗೂ ಇಲ್ಲ. ಇಲ್ಲಿ ಬಹುಕಾಲ ಪೋಸ್ಟ್‌ಡಾಕ್ ಎಂದರೆ ಹೊರದೇಶದಲ್ಲಿ ಮಾಡಿಬರುವ ಕೆಲಸ. ಸರ್ಕಾರದ ಚಿಂತೆಯಿದ್ದದ್ದು ಹಾಗೆ ಹೋದವರನ್ನು ಹಿಂದಕ್ಕೆ ಕರೆತರುವ ಬಗ್ಗೆ. ಲಿವರ್‌ಪೂಲ್‌ನಲ್ಲಿ 1948ರಲ್ಲಿ ಪಿಎಚ್.ಡಿ. ಮುಗಿಸಿ, ಜ್ಯೂರಿಕ್‌ನಲ್ಲಿ ವ್ಲಾಡಿಮಿರ್ ಪ್ರೆಲೋಗ್ ಅವರ ಜೊತೆ ಕೆಲಸ ಮಾಡಿ, 1949ರಲ್ಲಿ ದೇಶಕ್ಕೆ ಮರಳಿದ ಹರಗೋಬಿಂದ್ ಖುರಾನಾ ಅವರಿಗೆ ಇಲ್ಲಿ ಕೆಲಸ ಸಿಗದೆ ಮತ್ತೆ ಕೇಂಬ್ರಿಜ್‌ಗೆ ಹೋಗಬೇಕಾಯಿತು. ಇಂಥವರಿಗೆ ಮರಳಿದೊಡನೆ ತಾತ್ಕಾಲಿಕ ನೆಲೆ ಒದಗಿಸಲೆಂದು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು, ಅಂದರೆ ಸಿಎಸ್ಐಆರ್, 1958ರಲ್ಲಿ ‘ಸೈಂಟಿಸ್ಟ್ಸ್ ಪೂಲ್’ ಯೋಜನೆಯನ್ನು ಆರಂಭಿಸಿತು. ಅದೇ ಹೊತ್ತಿಗೆ ಬೆಂಗಳೂರಿನ ಸಿ.ಎನ್.ಆರ್. ರಾವ್ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ, ಬರ್ಕ್ಲಿಯಲ್ಲಿ ಒಂದಷ್ಟು ಕಾಲ ಸಂಶೋಧನೆ ನಡೆಸಿ, 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಪನ್ಯಾಸಕರಾದರು. ಉಡುಪಿಯ ಅದಮಾರಿನ ಯು.ಆರ್. ರಾವ್ ಅವರದು ಇನ್ನೊಂದು ಬಗೆ: ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ 1960ರಲ್ಲಿ ಡಾಕ್ಟರೇಟ್ ಮುಗಿಸಿ, ಎಂಐಟಿಗೆ ಹೋಗಿ ಮ್ಯಾರಿನರ್-2 ನೌಕೆಯ ದತ್ತಾಂಶದಿಂದ ಸೌರಮಾರುತವನ್ನು ಅಧ್ಯಯನ ಮಾಡಿ, ಡಲ್ಲಾಸ್‌ನಲ್ಲಿ ಕೆಲಕಾಲ ಇದ್ದು, 1966ರಲ್ಲಿ ಅಹಮದಾಬಾದಿಗೇ ಮರಳಿದರು. ಪಿಎಚ್.ಡಿ. ಸ್ವದೇಶದಲ್ಲಿ, ಪೋಸ್ಟ್‌ಡಾಕ್ ಅಮೆರಿಕದಲ್ಲಿ ಎಂಬ ಈ ಎರಡನೆಯ ದಾರಿಯೇ ಮುಂದಿನ ದಶಕಗಳಲ್ಲಿ ಭಾರತದ ವಿಜ್ಞಾನ ಸಂಸ್ಥೆಗಳ ನೇಮಕಾತಿಯಲ್ಲಿ ಹೇಳದೆ ಇದ್ದ ನಿಯಮದಂತಾಯಿತು. ಪೋಸ್ಟ್‌ಡಾಕ್ ಮುಗಿದೊಡನೆ ಅಮೆರಿಕದಲ್ಲೇ ಹುದ್ದೆ ಸಿಗುತ್ತದೆಂಬ ಖಾತರಿಯೇನೂ ಇರಲಿಲ್ಲ. ಯೇಲ್‌ನಲ್ಲಿ ಪೀಟರ್ ಮೂರ್ ಅವರ ಜೊತೆ ರೈಬೋಸೋಮಿನ ಮೇಲೆ ಕೆಲಸ ಮಾಡಿದ ವೆಂಕಟರಾಮನ್ ರಾಮಕೃಷ್ಣನ್, ಅದೇ ವಿಷಯಕ್ಕೆ 2009ರಲ್ಲಿ ನೊಬೆಲ್ ಪಡೆದವರು, ಸುಮಾರು 50 ಕಡೆ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಿಯೂ ಆಯ್ಕೆಯಾಗಿರಲಿಲ್ಲ.

ದೇಶದೊಳಗೆ ಯೋಜನಾ ಅನುದಾನದ ಮೇಲಿನ ಹುದ್ದೆ ‘ರಿಸರ್ಚ್ ಅಸೋಸಿಯೇಟ್’ ಎಂಬ ಹೆಸರಿನಲ್ಲಿ ಬೆಳೆಯಿತು. ಪ್ರಯೋಗಾಲಯಗಳ ಆಡುಮಾತಿನಲ್ಲಿ ಅದು ‘ಆರ್‌ಎ’. ಇದರ ಮೂರು ಶ್ರೇಣಿಗಳ ಮಾಸಿಕ ವೇತನವನ್ನು ಕೇಂದ್ರ ಸರ್ಕಾರ 2019ರಲ್ಲಿ 47,000, 49,000 ಮತ್ತು 54,000 ರೂಪಾಯಿಗಳಿಗೆ ನಿಗದಿಪಡಿಸಿತು. ಇದು ಸಂಶೋಧನಾ ವಿದ್ಯಾರ್ಥಿಗಳು ಹಲವು ನಗರಗಳಲ್ಲಿ ಬೀದಿಗಿಳಿದ ನಂತರದ ಮಾತು. 2023ರ ಪರಿಷ್ಕರಣೆಯಲ್ಲಿ ಅವು 58,000, 61,000 ಮತ್ತು 67,000 ಆದವು. ಯೋಜನೆ ಮುಗಿದರೆ ಆರ್‌ಎ ಹುದ್ದೆಯೂ ಮುಗಿಯುತ್ತದೆ. ಸಂಶೋಧಕರ ಹೆಸರಿಗೇ ಬರುವ ಫೆಲೋಶಿಪ್‌ಗಳು ಹೆಚ್ಚಿದ್ದು ಈ ಶತಮಾನದಲ್ಲಿ: ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಡಿ.ಎಸ್. ಕೊಠಾರಿ ಫೆಲೋಶಿಪ್, ವಿದೇಶದಿಂದ ಮರಳುವವರಿಗೆ ಜೈವಿಕ ತಂತ್ರಜ್ಞಾನ ಇಲಾಖೆಯ ರಾಮಲಿಂಗಸ್ವಾಮಿ ಫೆಲೋಶಿಪ್, ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಆರಂಭಿಸಿದ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್. ಈ ಕೊನೆಯದರಲ್ಲಿ ಅಭ್ಯರ್ಥಿಯೇ ಮಾರ್ಗದರ್ಶಕರನ್ನೂ ಸಂಸ್ಥೆಯನ್ನೂ ಗೊತ್ತುಮಾಡಿಕೊಂಡು, ಅವರ ಒಪ್ಪಿಗೆಯೊಂದಿಗೆ ಅರ್ಜಿ ಹಾಕಬೇಕು. ಸಾಮಾನ್ಯ ವಯೋಮಿತಿ 35 ವರ್ಷ, ಅವಧಿ ಎರಡು ವರ್ಷ. ಒಂದು ಶತಮಾನದ ಹಿಂದಿನ ರಾಕ್‌ಫೆಲರ್ ಮಾದರಿಗೆ ಭಾರತದಲ್ಲಿ ತೀರ ಹತ್ತಿರವಿರುವುದು ಇದೇ.

ಹೊರದೇಶಗಳಲ್ಲಿ ಈಚಿನ ವರ್ಷಗಳ ಬದಲಾವಣೆಗಳು ಹೆಚ್ಚಾಗಿ ಯೋಜನಾ ಅನುದಾನದ ಕಡೆಯಿಂದ, ಅದೂ ಕಾರ್ಮಿಕ ಪ್ರಶ್ನೆಯಾಗಿ ಬಂದಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೋಸ್ಟ್‌ಡಾಕ್‌ಗಳ ಸಂಘಕ್ಕೆ 2008ರಲ್ಲಿ ಮಾನ್ಯತೆಯೂ 2010ರಲ್ಲಿ ಮೊದಲ ಒಪ್ಪಂದವೂ ದೊರೆತವು; 2022ರ ನವೆಂಬರಿನಲ್ಲಿ ಅಲ್ಲಿನ ಸುಮಾರು 48,000 ಶೈಕ್ಷಣಿಕ ನೌಕರರು ಹೂಡಿದ ಮುಷ್ಕರದಲ್ಲಿ ಅವರೂ ಇದ್ದರು. ಮರುವರ್ಷ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನ ಸಲಹಾ ತಂಡವೊಂದು ವರ್ಷಕ್ಕೆ ಕನಿಷ್ಠ 70,000 ಡಾಲರ್ ವೇತನವನ್ನೂ ಐದು ವರ್ಷಗಳ ಮಿತಿಯನ್ನೂ ಶಿಫಾರಸು ಮಾಡಿತು. 2024ರಲ್ಲಿ ಜಾರಿಗೆ ಬಂದ ಆರಂಭಿಕ ವೇತನ 61,008 ಡಾಲರ್.

ಪೋಸ್ಟ್‌ಡಾಕ್ ವರ್ಷಗಳ ಬೆಲೆ ಭಾರತದಲ್ಲಿ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಐಐಟಿಗಳಲ್ಲಿ ಮೊದಲ ಶ್ರೇಣಿಯ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್.ಡಿ. ನಂತರ ಮೂರು ವರ್ಷಗಳ ಅನುಭವ ಬೇಕು, ಪೋಸ್ಟ್‌ಡಾಕ್ ಇಲ್ಲದೆ ಅದನ್ನು ಗಳಿಸುವವರು ಕಡಿಮೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಾದರೋ ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಕರೆಯಬೇಕಾದವರ ಪಟ್ಟಿ ಮಾಡುವಾಗ ಪಿಎಚ್.ಡಿ.ಗೆ 30 ಅಂಕ ಕೊಟ್ಟು, ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವದ ಪ್ರತಿ ವರ್ಷಕ್ಕೆ 2ರಂತೆ ಗರಿಷ್ಠ 10 ಅಂಕಗಳನ್ನಷ್ಟೇ ಇಟ್ಟಿತು. ಆ ಲೆಕ್ಕದಲ್ಲಿ ಹೆಸರಾಂತ ಪ್ರಯೋಗಾಲಯವೊಂದರಲ್ಲಿ ಕಳೆದ ಒಂದು ವರ್ಷವೂ ಕಾಲೇಜಿನಲ್ಲಿ ಪಾಠ ಹೇಳಿದ ಒಂದು ವರ್ಷವೂ ಒಂದೇ.