ಬಕಲಿನ ಬೆನ್ನು ಹೇಳುವ ಕಥೆ

ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಉತ್ತರದ ಪಡೆಯ ಸೈನಿಕರು ಧರಿಸುತ್ತಿದ್ದ ಬೆಲ್ಟಿನ ಬಕಲ್ ನೋಡಲು ಸರಳ: ಅಂಡಾಕಾರದ ಹಿತ್ತಾಳೆ, ಅದರ ಮೇಲೆ 'ಯು.ಎಸ್.' ಎಂಬ ಎರಡು ಉಬ್ಬಕ್ಷರ. ಹಳೆಯ ವಸ್ತುಗಳ ಸಂಗ್ರಾಹಕರಿಗೆ ಅದು ಬಲು ಪ್ರಿಯ. ಆದ್ದರಿಂದಲೇ ನಕಲು ಮಾಡುವವರಿಗೂ ಪ್ರಿಯ. ಹೊಸಬನು ಅಕ್ಷರಗಳನ್ನು ನೋಡಿ ಮರುಳಾಗುತ್ತಾನೆ. ಬಲ್ಲವನು ಮೊದಲು ಬಕಲನ್ನು ಮಗುಚಿ ನೋಡುತ್ತಾನೆ.

ಅಸಲಿ ಬಕಲು ಗಟ್ಟಿ ಹಿತ್ತಾಳೆಯದಲ್ಲ. ತೆಳು ತಗಡನ್ನು ಅಚ್ಚಿನಲ್ಲಿ ಒತ್ತಿ, ಹಿಂದಿನ ಕುಳಿಗೆ ಸೀಸ–ತವರದ ಬೆಸುಗೆಲೋಹವನ್ನು ಕರಗಿಸಿ ಸುರಿದು, ಅದರಲ್ಲೇ ಕೊಕ್ಕೆಗಳನ್ನು ಕೂರಿಸುತ್ತಿದ್ದರು. ನೂರೈವತ್ತು ವರ್ಷಗಳಲ್ಲಿ ಆ ಸೀಸ ಬೂದುಬಿಳಿಯಾಗುತ್ತದೆ. ಅಸಲಿಯಿಂದಲೇ ಅಚ್ಚು ತೆಗೆದು ಎರಕ ಹೊಯ್ದ ನಕಲಿಯಾದರೋ ಲೋಹ ತಣಿಯುವಾಗ ಕುಗ್ಗುವುದರಿಂದ ಅಳತೆಯಲ್ಲಿ ತುಸು ಕಿರಿದಾಗುತ್ತದೆ. ಅಕ್ಷರಗಳ ಅಂಚೂ ಮೊಂಡಾಗಿರುತ್ತದೆ. ಕಿಲುಬನ್ನು ಮಾತ್ರ ನಂಬಬಾರದು. ಆಮ್ಲದಲ್ಲಿ ಅದ್ದಿದರೆ ಹಿತ್ತಾಳೆಗೆ ಬೇಗನೆ ಮುಪ್ಪು ಬರುತ್ತದೆ.

ಆದರೆ ಎರಕವೆಂದರೆ ನಕಲಿ ಎಂದು ಸೂತ್ರ ಕಟ್ಟುವಂತೆಯೂ ಇಲ್ಲ. ಕಾರ್ಖಾನೆಗಳ ಕೊರತೆಯಿದ್ದ ದಕ್ಷಿಣದ ಪಡೆಯ ಬಕಲುಗಳಲ್ಲಿ ಹಲವು ಒರಟು ಎರಕದವೇ. ಅವು ವಿರಳ, ಬೆಲೆಯೂ ಹೆಚ್ಚು. ಮೋಸವೂ ಅಲ್ಲೇ ಹೆಚ್ಚು.

ಲೋಹದ ಸಾಕ್ಷ್ಯ ಸಾಲದೆಂದು ಕಾಗದದ ಸಾಕ್ಷ್ಯ ಹುಡುಕಿದವರೂ ಒಮ್ಮೆ ಬೇಸ್ತುಬಿದ್ದರು. 1960ರ ದಶಕದ ಕೊನೆಯ ಹೊತ್ತಿಗೆ ನ್ಯೂಯಾರ್ಕಿನ ಪ್ರಸಿದ್ಧ ಆಭರಣ ಸಂಸ್ಥೆ ಟಿಫಾನಿಯ ಮುದ್ರೆ ಹೊತ್ತ ಹಳೆಯ ಬಕಲುಗಳು ಮಾರುಕಟ್ಟೆಗೆ ಬಂದವು. ಟಿಫಾನಿ ಅಂತರ್ಯುದ್ಧದಲ್ಲಿ ಖಡ್ಗಗಳನ್ನು ಪೂರೈಸಿದ್ದು ನಿಜ. ಹಾಗಾಗಿ ಸಂಶಯಕ್ಕೆ ಎಡೆ ಕಡಿಮೆ. ಸಂಶಯಪಟ್ಟವರಿಗೆ ತೋರಿಸಲು ಒಂದು ಪುಸ್ತಕವೂ ಇತ್ತು. ಪರ್ಸಿ ಸೀಬರ್ಟ್ ಎಂಬ ಲೇಖಕನ ಹೆಸರು, 1950ರ ಇಸವಿ, ಬಕಲುಗಳ ಚಿತ್ರ, ವಿವರಣೆ ಎಲ್ಲವೂ ಅದರಲ್ಲಿದ್ದವು.

ಆ ಪುಸ್ತಕವೇ ನಕಲಿ! ಬಕಲು ಮಾರುವುದಕ್ಕೆಂದೇ ಅದನ್ನು ಸೃಷ್ಟಿಸಿ ಹಳೆಯ ಇಸವಿ ಹಾಕಲಾಗಿತ್ತು. ಅದರಲ್ಲಿ ಟಿಫಾನಿಯ ಜೊತೆಗೆ ಸೇರಿಸಿದ್ದ ಗೇಲಾರ್ಡ್ ಎಂಬ ಹೆಸರೂ ಕಲ್ಪಿತವಲ್ಲ. ಮ್ಯಾಸಚೂಸೆಟ್ಸಿನ ಚಿಕಪಿಯ ಎಮರ್ಸನ್ ಗೇಲಾರ್ಡ್ ಸೈನ್ಯಕ್ಕೆ ಚರ್ಮದ ಸಾಮಗ್ರಿ ಒದಗಿಸಿದ ನಿಜವಾದ ಗುತ್ತಿಗೆದಾರ. ಸುಳ್ಳಿಗೆ ಬೇಕಾದಷ್ಟೇ ನಿಜವನ್ನು ಬೆರೆಸಿದ್ದ ಕೈ ಚತುರರದು.

ಸೇನಾ ಲಾಂಛನಗಳ ತಜ್ಞ ಜೆ. ಡಂಕನ್ ಕ್ಯಾಂಪ್‌ಬೆಲ್ 1973ರಲ್ಲಿ ಪುಸ್ತಕವೊಂದನ್ನೇ ಬರೆದು ಈ ಮೋಸವನ್ನು ಬಯಲಿಗೆಳೆದರು. ಅಷ್ಟರಲ್ಲಿ ಬಕಲುಗಳು ಊರೂರು ಸೇರಿದ್ದವು. ಈಗ ಅವಕ್ಕೇ ಐವತ್ತು ದಾಟಿದೆ. ಹಿಡಿದಿರುವ ಕಿಲುಬಿನಲ್ಲಿ ಅರ್ಧ ಅಪ್ಪಟವಾದದ್ದು.