ಆಕಾಶದ ರೋಗಿ, ಜಾಲಿಯ ರೋಗಿ

ಭಟ್ಕಳದ ಪೇಟೆಯಿಂದ ಪಡುವಣಕ್ಕೆ ಹೊರಟರೆ ಜಾಲಿಯ ಕಡಲತೀರ ದೂರವೇನಲ್ಲ. ಮಳೆಗಾಲ ಕಳೆದು ಆಕಾಶ ತಿಳಿಯಾದ ದಿನಗಳಲ್ಲಿ, ಹೊತ್ತು ಮುಳುಗಿ ಒಂದೆರಡು ಗಳಿಗೆಯಾದ ಮೇಲೆ, ಅಲ್ಲಿಯ ಮರಳಿನಲ್ಲಿ ನಿಂತವರಿಗೆ ಕೆಲವು ಸಂಜೆ ಒಂದು ವಿಚಿತ್ರ ನಕ್ಷತ್ರ ಕಾಣಿಸುವುದುಂಟು. ಅದು ಮಿನುಗುವುದಿಲ್ಲ. ಕಡಲ ಕಡೆಯಿಂದ ಮೇಲೇರಿ ಘಟ್ಟದ ಕಡೆಗೆ ನಾಲ್ಕೈದು ನಿಮಿಷಗಳಲ್ಲಿ ಹಾದುಹೋಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೆಂಬುದು ಅದರ ಹೆಸರು. 2000ದ ನವೆಂಬರಿನಿಂದ ಈಚೆಗೆ ಅದರೊಳಗೆ ಮನುಷ್ಯರಿಲ್ಲದ ದಿನವಿಲ್ಲ. ನೆತ್ತಿಯ ಮೇಲೆ ಬಂದಾಗ ಅದಕ್ಕೂ ನಮಗೂ ಇರುವ ಅಂತರ ಸುಮಾರು 400 ಕಿಲೋಮೀಟರು. ಜಾಲಿಯಿಂದ ಬೆಂಗಳೂರಿಗೆ ಹೋಗುವ ರಸ್ತೆ ಇದಕ್ಕಿಂತ ಉದ್ದವಾದುದು.

ಆ ನಿಲ್ದಾಣದಲ್ಲಿದ್ದ ಒಬ್ಬರಿಗೆ ಒಮ್ಮೆ ಕಾಯಿಲೆಯಾಯಿತು. ಯಾತ್ರೆ ಆರಂಭವಾಗಿ ಎರಡು ತಿಂಗಳಾಗಿತ್ತು. ಬೇರೊಂದು ಸಂಶೋಧನೆಗಾಗಿ ಕುತ್ತಿಗೆಯ ರಕ್ತನಾಳಗಳನ್ನು ಅಲ್ಟ್ರಾಸೌಂಡ್ ಯಂತ್ರದಿಂದ ನೋಡುತ್ತಿದ್ದಾಗ ಎಡಬದಿಯ ದೊಡ್ಡ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದು ತಿಳಿದುಬಂತು. ಅಂತರಿಕ್ಷದಲ್ಲಿ ಯಾರಿಗೂ ಅದುವರೆಗೆ ಕಂಡಿರದ ವ್ಯಾಧಿ. ಹೆಪ್ಪು ಕದಲಿ ಪುಪ್ಫುಸಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಅಮೆರಿಕದ ಚಾಪೆಲ್ ಹಿಲ್ ಎಂಬ ಊರಿನ ರಕ್ತರೋಗತಜ್ಞ ಸ್ಟೀಫನ್ ಮಾಲ್ ಎಂಬುವರ ಸಲಹೆಯನ್ನು ಕೇಳಲಾಯಿತು. ಮೇಲೆ ಇದ್ದ ಔಷಧವೆಂದರೆ ರಕ್ತ ತಿಳಿಯಾಗಿಸುವ ಚುಚ್ಚುಮದ್ದು, ಅದೂ ಅಳತೆಯದು. ಅದನ್ನು ಜೋಪಾನವಾಗಿ ಸುಮಾರು 40 ದಿನ ಬಳಸಿದರು. ಸರಕಿನ ನೌಕೆ ಮಾತ್ರೆಗಳನ್ನು ಹೊತ್ತು ತಂದ ತರುವಾಯ ಮಾತ್ರೆಗೆ ಬದಲಾಯಿಸಿದರು. ಒಂದು ದಿನ ವೈದ್ಯರ ಮನೆಯಲ್ಲಿ ಫೋನು ಬಾರಿಸಿತು. ಅವರ ಮಡದಿ ಎತ್ತಿಕೊಂಡರು. ಕರೆ ಆಕಾಶದಿಂದ! ರೋಗಿ ಸುಕ್ಷೇಮವಾಗಿ ಭೂಮಿಗಿಳಿದರು. ಅವರ ಹೆಸರನ್ನಾಗಲಿ, ಹೋದ ವರ್ಷವನ್ನಾಗಲಿ ವೈದ್ಯರು ಹೊರಗೆಡವಿಲ್ಲ. 2020ರಲ್ಲಿ ವೈದ್ಯ ಪತ್ರಿಕೆಯೊಂದರಲ್ಲಿ ಚಿಕಿತ್ಸೆಯ ವಿವರವಷ್ಟೇ ಪ್ರಕಟವಾಯಿತು.

ಇನ್ನೊಬ್ಬ ರೋಗಿಯ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ಹೊತ್ತು ತೆಂಕಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸು, ಭಟ್ಕಳವನ್ನು ದಾಟಿದೊಡನೆ ಸಿಗುವ ಶಿರೂರಿನ ಟೋಲ್ ಗೇಟಿನಲ್ಲಿ, ಮಳೆಗೆ ನೆಂದ ರಸ್ತೆಯ ಮೇಲೆ ಜಾರಿ ಅಪ್ಪಳಿಸಿತು. ನಾಲ್ವರು ಸತ್ತರು. ಉತ್ತರ ಕನ್ನಡದ ಜನ ದೊಡ್ಡ ಕಾಯಿಲೆಗೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡುವುದು ಹಳೆಯ ಸಂಗತಿ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆ ದಿನದ ಅನಂತರ ಹೊಸ ಆವೇಶದಿಂದ ಎದ್ದಿತು.

ಈ ಇಬ್ಬರು ರೋಗಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಾಚಕರಿಗೆ ಸಿಟ್ಟು ಬರುವುದು ಸಹಜ. ನನಗೂ ಬಂದಿತ್ತು. ಆದರೆ ವ್ಯೋಮವೈದ್ಯದ ಚರಿತ್ರೆಯನ್ನು ಸ್ವಲ್ಪ ಕೆದಕಿದಾಗ ಎರಡನೆಯ ರೋಗಿಗೂ ಅದರಲ್ಲಿ ಪಾಲಿದೆಯೆಂಬುದು ಗೊತ್ತಾಯಿತು. ಪಾಲು ಎಷ್ಟು, ಕೈಗೆ ಬಂದುದೆಷ್ಟು ಎಂಬುದು ಬೇರೆ ಮಾತು.

ವ್ಯೋಮವೈದ್ಯನ ಅಜ್ಜ ಹಡಗಿನ ವೈದ್ಯ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಭಟ್ಕಳದಂಥ ರೇವಿನ ಜನಕ್ಕೆ, ಪಯಣವೇ ಒಂದು ಕಾಯಿಲೆಯೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲ ಸಲ ದೋಣಿ ಏರಿದ ಹುಡುಗನ ಓಕರಿಕೆಯನ್ನು ನೋಡಿ ನಗದ ಮೀನುಗಾರನುಂಟೆ? 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ಬೇರೆಮಾಡಿ, ನಿಂಬೆ ಕಿತ್ತಳೆ ತಿಂದವರ ಸ್ಕರ್ವಿ ರೋಗ ಇಳಿಯುವುದನ್ನು ತೋರಿಸಿಕೊಟ್ಟ. ಕಡಲಿನ ತರುವಾಯ ಗಾಳಿಯ ಸರದಿ. 1875ರ ಏಪ್ರಿಲ್ 15ರಂದು ಪ್ಯಾರಿಸಿನಿಂದ 'ಜೆನಿತ್' ಎಂಬ ಬೆಲೂನು ಮೂವರನ್ನು ಹೊತ್ತು ಮೇಲೇರಿತು. ಆಮ್ಲಜನಕದ ಚೀಲಗಳು ಜೊತೆಯಲ್ಲಿಯೇ ಇದ್ದುವು. ಅಷ್ಟು ಸಾಲದೆಂದು ಶರೀರವಿಜ್ಞಾನಿ ಪಾಲ್ ಬೆರ್ ಬರೆದ ಕಾಗದ ತಲಪುವಷ್ಟರಲ್ಲಿ ಹೊರಟುಬಿಟ್ಟಿದ್ದರು. ಎಂಟು ಸಾವಿರ ಮೀಟರು ದಾಟಿದಾಗ ಮೂವರ ಕೈಗಳೂ ಸೋತು, ಎದುರಿಗೇ ಇದ್ದ ನಳಿಗೆಯನ್ನು ಬಾಯಿಗೆ ಎತ್ತಿಕೊಳ್ಳಲಾರದೆ ಹೋದರು. ಬೆಲೂನು ತಾನಾಗಿ ಇಳಿದಾಗ ಕ್ರೋಸೆ-ಸ್ಪಿನೆಲ್ಲಿಯೂ ಸಿವೆಲ್ಲನೂ ಹೆಣವಾಗಿದ್ದರು. ಬದುಕಿದವನು ತಿಸಾಂದಿಯೇ ಒಬ್ಬನೇ, ಅವನೂ ಕಿವುಡನಾದ. ಆಮ್ಲಜನಕ ಕಡಿಮೆಯಾದಾಗ ಮನುಷ್ಯನಿಗೆ ಅಪಾಯದ ಅರಿವೇ ಆಗುವುದಿಲ್ಲ, ಒಂದು ಬಗೆಯ ಸುಖವೇ ಆವರಿಸುತ್ತದೆ ಎಂಬುದನ್ನು ಅವನು ಬರೆದಿಟ್ಟ. ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಪುಟ್ಟ ಮಾಪಕವನ್ನು ಮನೆಮನೆಯವರೂ ಕೊಂಡುದು ಈ ಕಾರಣಕ್ಕಾಗಿಯೇ. ಉಸಿರು ಸರಾಗವಾಗಿದೆಯೆಂದು ಹೇಳುತ್ತಿದ್ದವರ ರಕ್ತದಲ್ಲಿ ಆಮ್ಲಜನಕ ತಳ ಕಂಡಿರುತ್ತಿತ್ತು.

ಈ ಚರಿತ್ರೆಯಲ್ಲಿ ತಲೆ ತಗ್ಗಿಸಬೇಕಾದ ಪುಟವೂ ಇದೆ. 1949ರಲ್ಲಿ ಅಮೆರಿಕದ ಟೆಕ್ಸಾಸಿನ ವಾಯುನೆಲೆಯಲ್ಲಿ 'ವ್ಯೋಮವೈದ್ಯ' ಎಂಬ ಹೆಸರಿನ ಪ್ರಥಮ ವಿಭಾಗ ತೆರೆದಾಗ ಅದರ ಮುಖ್ಯಸ್ಥನಾದವನು ಹುಬರ್ಟಸ್ ಸ್ಟ್ರುಗ್‌ಹೋಲ್ಡ್ ಎಂಬ ಜರ್ಮನ್. ಯುದ್ಧಕಾಲದಲ್ಲಿ ಆತ ಹಿಟ್ಲರನ ವಾಯುಪಡೆಯ ವೈದ್ಯಸಂಸ್ಥೆಯಲ್ಲಿದ್ದವನು. 1942ರಲ್ಲಿ ಡಾಖೌ ಸೆರೆಶಿಬಿರದ ಕೈದಿಗಳನ್ನು ಗಾಳಿಯೊತ್ತಡ ಇಳಿಸಿದ ಕೋಣೆಗಳಲ್ಲಿ ಕೂಡಿ, ಮಂಜಿನ ನೀರಿನಲ್ಲಿ ಮುಳುಗಿಸಿ ಕೊಂದ 'ಪ್ರಯೋಗ'ಗಳ ವರದಿಯನ್ನು ಓದಿದ ಸಭೆಯಲ್ಲಿ ಅವನೂ ಕುಳಿತಿದ್ದ. ಅವನ ಹೆಸರಿನಲ್ಲಿ ಬಹುಕಾಲ ಕೊಡುತ್ತಿದ್ದ ಪ್ರಶಸ್ತಿಯನ್ನು 2013ರಲ್ಲಿ ನಿಲ್ಲಿಸಿದರು. ತಡವಾದರೂ ಸರಿಯೇ. ಅದಕ್ಕೆ ಹೋಲಿಸಿದರೆ ಅದೇ ಕಾಲದ ಕರ್ನಲ್ ಜಾನ್ ಪಾಲ್ ಸ್ಟಾಪನ ರೀತಿ ಬೇರೆ. ತಾನೇ ರಾಕೆಟ್ ಬಂಡಿಯನ್ನೇರಿ, 1954ರ ಡಿಸೆಂಬರಿನಲ್ಲಿ ಗಂಟೆಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ವೇಗದಿಂದ ಒಂದೂವರೆ ಸೆಕೆಂಡಿನಲ್ಲಿ ನಿಂತುಬಿಟ್ಟ. ಕಣ್ಣುಗಳಲ್ಲಿ ರಕ್ತ ತುಂಬಿ ಸ್ವಲ್ಪ ಹೊತ್ತು ಕುರುಡನಾದ. ಸರಿಯಾಗಿ ಪಟ್ಟಿ ಕಟ್ಟಿಕೊಂಡಿದ್ದರೆ ಮನುಷ್ಯ ಎಂಥ ಆಘಾತವನ್ನಾದರೂ ತಡೆದಾನು ಎಂದು ಮೋಟಾರು ಕಾರಿನ ಕಂಪನಿಗಳ ಬೆನ್ನುಹತ್ತಿದವನೂ ಅವನೇ. ಇಂದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರಿನ ಸೀಟ್ ಬೆಲ್ಟು ಎಳೆದುಕೊಳ್ಳುವ ಭಟ್ಕಳದವರು ಅವನನ್ನು ನೆನೆಯದಿದ್ದರೂ ನಷ್ಟವಿಲ್ಲ, ಬೆಲ್ಟನ್ನು ಮರೆಯದಿದ್ದರೆ ಸಾಕು.

ನಮ್ಮ ನಾಡಿನಲ್ಲಿ ಈ ವಿದ್ಯೆಯ ತವರು ಬೆಂಗಳೂರು. 1940ರಲ್ಲಿ ಅಲ್ಲಿ ವಿಮಾನ ಕಾರ್ಖಾನೆ ಹುಟ್ಟಿತಷ್ಟೆ. ಅದರ ನೆರೆಯಲ್ಲಿಯೇ 1957ರಲ್ಲಿ ವಾಯುಪಡೆ ವೈಮಾನಿಕ ವೈದ್ಯಶಾಲೆಯನ್ನು ಸ್ಥಾಪಿಸಿತು. ಇಂದು ಅದು ಏರೋಸ್ಪೇಸ್ ವೈದ್ಯ ಸಂಸ್ಥೆ. ಮನುಷ್ಯನನ್ನು ಉದ್ದನೆಯ ತೋಳಿನ ತುದಿಯ ತೊಟ್ಟಿಲಲ್ಲಿ ಕೂರಿಸಿ ಗರಗರನೆ ತಿರುಗಿಸುವ ಯಂತ್ರ, ಗಾಳಿಯೊತ್ತಡ ಇಳಿಸುವ ಕೋಣೆ ಮೊದಲಾದುವು ಅಲ್ಲಿವೆ. ರಾಕೇಶ್ ಶರ್ಮ ಮತ್ತು ರವೀಶ್ ಮಲ್ಹೋತ್ರಾ ಅವರನ್ನು ಪರೀಕ್ಷಿಸಿ ಆರಿಸಿದ್ದು ಅಲ್ಲಿ. 1984ರ ಏಪ್ರಿಲ್ 3ರಂದು ಹೊರಟ ಶರ್ಮ ಅವರು ಸಲ್ಯೂತ್-7ರಲ್ಲಿ ಯೋಗಾಸನ ಮಾಡಿದರು. ತೂಕವಿಲ್ಲದ ಅವಸ್ಥೆಯಲ್ಲಿ ಹೃದಯ ಹೇಗೆ ವರ್ತಿಸುತ್ತದೆಂಬುದನ್ನೂ ಅಳೆದುಕೊಂಡರು. ಯೋಗವೆಂದೊಡನೆ ಅಂದಿನ ಪತ್ರಿಕೆಗಳು ಉಬ್ಬಿದುವು. ಪವಾಡವೇನೂ ಕಾಣಲಿಲ್ಲ, ಆದರೂ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಗಗನಯಾನಕ್ಕೆ ನೇಮಕವಾದ ನಾಲ್ವರೂ ಆ ಬಾಗಿಲನ್ನು ಹಾದು ಬಂದವರೇ.

ಬೆಂಗಳೂರಿನಿಂದ ಭೂಮಿಯ ರೋಗಿಗೆ ದೊರೆತ ನೇರವಾದ ಉಪಕಾರ ಯಾವುದೆಂದರೆ 2021ನ್ನು ನೆನೆಯಬೇಕು. ಎತ್ತರದಲ್ಲಿ ಹಾರುವ ಪೈಲಟನಿಗೆ ಸಿಲಿಂಡರು ಹೊತ್ತುಕೊಂಡು ಹೋಗುವುದರ ಬದಲು ಗಾಳಿಯಿಂದಲೇ ಆಮ್ಲಜನಕ ಒದಗಿಸುವ ಸಾಧನವನ್ನು ರಕ್ಷಣಾ ಸಂಶೋಧನಾ ಸಂಸ್ಥೆಯವರು ತೇಜಸ್ ವಿಮಾನಕ್ಕಾಗಿ ಬೆಂಗಳೂರಿನ ಡೆಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ್ದರು. ಜಿಯೋಲೈಟ್ ಎಂಬ ರಂಧ್ರಮಯ ಹರಳುಗಳ ಮೂಲಕ ಒತ್ತಡದಲ್ಲಿ ಗಾಳಿಯನ್ನು ಹಾಯಿಸಿದರೆ ಅವು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತವೆ, ಆಮ್ಲಜನಕ ಮುಂದೆ ಹೋಗುತ್ತದೆ. ಒತ್ತಡ ಇಳಿಸಿದರೆ ಹಿಡಿದ ಸಾರಜನಕವನ್ನು ಬಿಟ್ಟು ಹರಳು ಮತ್ತೆ ಕೆಲಸಕ್ಕೆ ಸಿದ್ಧ. ತತ್ತ್ವ ಕಾರ್ಖಾನೆಗಳಿಗೆ ಹೊಸದಲ್ಲ. ಆದರೆ ಎರಡನೆಯ ಅಲೆಯಲ್ಲಿ ಊರೂರಿನ ಆಸ್ಪತ್ರೆಗಳು ಸಿಲಿಂಡರಿಗಾಗಿ ಬಾಯಿಬಿಡುತ್ತಿದ್ದಾಗ, ನಿಮಿಷಕ್ಕೆ 1000 ಲೀಟರು ಆಮ್ಲಜನಕ ಕೊಡುವ ಸ್ಥಾವರದ ನಕ್ಷೆ ಸಿದ್ಧವಾಗಿ ಕೈಯಲ್ಲಿದ್ದುದು ಸಣ್ಣ ಮಾತಲ್ಲ. ಒಬ್ಬೊಬ್ಬರಿಗೆ ನಿಮಿಷಕ್ಕೆ 5 ಲೀಟರಿನಂತೆ ಒಂದು ಸ್ಥಾವರದಿಂದ 190 ರೋಗಿಗಳಿಗೆ ಸಾಕಾಗುವಷ್ಟು. ಬೆಂಗಳೂರಿನ ಮತ್ತು ಕೊಯಮತ್ತೂರಿನ ಕಂಪನಿಗಳಿಗೆ ವಿದ್ಯೆಯನ್ನು ವಹಿಸಿಕೊಟ್ಟು 380 ಸ್ಥಾವರಗಳನ್ನು ಮಾಡಿಸುವ ಏರ್ಪಾಡಾಯಿತು. ಜೆನಿತಿನಲ್ಲಿ ಸತ್ತ ಇಬ್ಬರಿಂದ ತಾಲ್ಲೂಕು ಆಸ್ಪತ್ರೆಯ ಮಂಚದ ವರೆಗೆ ಬರಲು 146 ವರ್ಷ ಹಿಡಿಯಿತು.

ತೂಕವಿಲ್ಲದಿರುವಿಕೆಯಿಂದ ಕಲಿತ ಪಾಠ ಇನ್ನೊಂದು ಬಗೆಯದು. 1961ರಲ್ಲಿ ಗಗಾರಿನ್ 108 ನಿಮಿಷ ಹೋಗಿ ಬಂದ, ಏನೂ ಆಗಲಿಲ್ಲ. ಅದೇ ಆಗಸ್ಟಿನಲ್ಲಿ ಒಂದು ದಿನಕ್ಕೂ ಹೆಚ್ಚು ಕಾಲ ಸುತ್ತಿದ ಟಿಟೋವನಿಗೆ ಜಾಲಿಯ ಹೊಸ ದೋಣಿಗಾರನಿಗಾಗುವಂತೆಯೇ ಓಕರಿಕೆಯಾಯಿತು. ಇನ್ನೂ ಹೆಚ್ಚು ಕಾಲ ಇದ್ದವರ ಸ್ನಾಯು ಕರಗಿತು. ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆ ಭಾಗದಂತೆ ಸವೆಯಿತು. ನೆಲದ ಮೇಲೆ ಇದನ್ನು ಅಭ್ಯಸಿಸಲು ವಿಜ್ಞಾನಿಗಳು ಹಿಡಿದ ಉಪಾಯವೆಂದರೆ ಆರೋಗ್ಯವಂತರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸುವುದು. 1966ರಲ್ಲಿ ಡಲಾಸಿನಲ್ಲಿ ಐವರು ಯುವಕರನ್ನು 20 ದಿನ ಮಲಗಿಸಿ ಹೃದಯದ ಶಕ್ತಿಯನ್ನು ಅಳೆದರು. ಮೂವತ್ತು ವರ್ಷಗಳ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಆ ಮೂರು ವಾರದ ಮಲಗು ಮಾಡಿದ ಹಾನಿ ಮೂವತ್ತು ವರ್ಷದ ಮುಪ್ಪಿನ ಹಾನಿಗಿಂತ ಹೆಚ್ಚಿನದೆಂದು ಕಂಡಿತು! ಹೃದಯಾಘಾತವಾದವರನ್ನು ವಾರಗಟ್ಟಲೆ ಅಲ್ಲಾಡಗೊಡದೆ ಮಲಗಿಸುತ್ತಿದ್ದ ಕಾಲವೊಂದಿತ್ತು. ಸೊಂಟ ಮುರಿದ ಅಜ್ಜಿಯನ್ನು 'ಏಳಬೇಡಿ, ಏಳಬೇಡಿ' ಎಂದು ಮಕ್ಕಳು ಮೊಮ್ಮಕ್ಕಳೆಲ್ಲ ಪ್ರೀತಿಯಿಂದಲೇ ಹಾಸಿಗೆಗೆ ಕಟ್ಟಿಹಾಕುವುದು ನಮ್ಮ ಮನೆಗಳಲ್ಲಿ ಈಗಲೂ ಉಂಟು. ಶಸ್ತ್ರಚಿಕಿತ್ಸೆಯಾದ ಮರುದಿನವೇ ಎದ್ದು ನಿಲ್ಲಿಸುವ ದಾದಿಯನ್ನು ಕಲ್ಲೆದೆಯವಳೆಂದು ಬೈಯುವ ಮುನ್ನ ಡಲಾಸಿನ ಐವರನ್ನು ನೆನೆಯಬಹುದು. 2025ರ ಜೂನ್ 25ರಂದು ಹೊರಟು 18 ದಿನ ನಿಲ್ದಾಣದಲ್ಲಿದ್ದು ಬಂದ ಶುಭಾಂಶು ಶುಕ್ಲಾ ಅವರು, ತೂಕವಿಲ್ಲದಾಗ ಸ್ನಾಯು ಏಕೆ ಬೆಳೆಯಲಾರದೆಂಬ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಪ್ರಯೋಗವನ್ನು ಒಯ್ದಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಕಳಿಸಿದ ಹೆಸರುಕಾಳು, ಮೆಂತೆಗಳನ್ನು ಮೊಳಕೆ ಕಟ್ಟಿಸಿದ್ದೂ ಆ ಯಾತ್ರೆಯಲ್ಲಿಯೇ.

ಇನ್ನು ದೂರದಿಂದ ರೋಗಿಯನ್ನು ನೋಡುವ ವಿದ್ಯೆ. ಗಗನಯಾತ್ರಿಯ ನಾಡಿ ಹಿಡಿಯಲು ವೈದ್ಯ ಜೊತೆಗೆ ಹೋಗಲಾರ. ಹೃದಯದ ಬಡಿತವೇ ತಂತಿಯಿಲ್ಲದೆ ಇಳಿದುಬರಬೇಕು. ಈ ಅನುಭವವನ್ನು ನಾಸಾದವರು 1970ರ ದಶಕದಲ್ಲಿಯೇ ಅರಿಜೋನಾದ ಮರುಭೂಮಿಯ ಪಾಪಾಗೋ ಜನರ ಹಳ್ಳಿಗಳಲ್ಲಿ ಒರೆಹಚ್ಚಿ ನೋಡಿದರು. ಸಲಕರಣೆ ತುಂಬಿದ ವಾಹನ ಹಳ್ಳಿಗೆ ಹೋಗುವುದು, ಆಸ್ಪತ್ರೆಯ ವೈದ್ಯ ಟೆಲಿವಿಷನ್ ಮೂಲಕ ರೋಗಿಯನ್ನು ನೋಡುವುದು. 1988ರ ಡಿಸೆಂಬರಿನ ಆರ್ಮೇನಿಯಾ ಭೂಕಂಪದ ತರುವಾಯ ಅಮೆರಿಕ-ರಷ್ಯಗಳು ಹಗೆತನವನ್ನು ಬದಿಗಿಟ್ಟು ಗಾಯಾಳುಗಳಿಗಾಗಿ ಉಪಗ್ರಹದ ಸೇತುವೆ ಕಟ್ಟಿದುವು. ನಮ್ಮಲ್ಲಿ ಇಸ್ರೋ 2001ರಿಂದ ಈ ಕೆಲಸಕ್ಕೆ ಕೈಹಾಕಿತು. ಕರ್ನಾಟಕದಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ, ಹೆಗ್ಗಡದೇವನಕೋಟೆಯ ಕಾಡಂಚಿನ ಸರಗೂರಿನ ಆಸ್ಪತ್ರೆಗೂ ಇನ್ಸಾಟ್ ಉಪಗ್ರಹದ ಮೂಲಕ ಸಂಪರ್ಕ ಕಲ್ಪಿಸಿದರು. ದುಬಾಯಿಯಲ್ಲಿರುವ ಮಗನ ಮುಖವನ್ನು ದಿನವೂ ಫೋನಿನಲ್ಲಿ ನೋಡುವ ಇಂದಿನ ಭಟ್ಕಳದ ತಾಯಂದಿರಿಗೆ ಇದೇನು ಮಹಾ ಎನಿಸೀತು. ಆಗ ಅದಕ್ಕೆ ಆಳೆತ್ತರದ ತಟ್ಟೆ ಆಂಟೆನಾ ಬೇಕಾಗಿತ್ತು.

ಇದರಲ್ಲಿ ಬಹು ಮುಖ್ಯವಾದುದು ಯಂತ್ರವಲ್ಲವೆಂದು ನನಗೆ ತೋರುತ್ತದೆ. ನಿಲ್ದಾಣದಲ್ಲಿ ಅಲ್ಟ್ರಾಸೌಂಡ್ ಹಿಡಿಯುವವರು ವೈದ್ಯರಲ್ಲ, ಇಂಜಿನಿಯರು, ಪೈಲಟರು. ಕೆಲವೇ ಗಂಟೆಗಳ ತರಬೇತಿ, ಕೈಯಲ್ಲಿ ಚಿತ್ರವಿರುವ ಒಂದು ಕಾರ್ಡು, ಕಿವಿಯಲ್ಲಿ ಕೆಳಗಿನ ತಜ್ಞನ ಮಾತು: 'ಸ್ವಲ್ಪ ಎಡಕ್ಕೆ, ಒತ್ತಿ ಹಿಡಿಯಿರಿ.' ಇಷ್ಟರಿಂದಲೇ ತಜ್ಞರು ಮೆಚ್ಚುವಂಥ ಚಿತ್ರಗಳು ಬಂದುವು. ಆಕಾಶದ ಇಂಜಿನಿಯರು ಮಾಡಬಲ್ಲುದನ್ನು ಹಳ್ಳಿಯ ದಾದಿ ಏಕೆ ಮಾಡಬಾರದು? ಮಂಗಳೂರಿನ ಹೃದಯತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಿಂದ ಮಾಡಿಕೊಂಡು ಬಂದಿರುವುದು ಹೆಚ್ಚುಕಡಿಮೆ ಇದನ್ನೇ. ಕರಾವಳಿ ಮಲೆನಾಡುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸಣ್ಣ ಇಸಿಜಿ ಯಂತ್ರಗಳನ್ನು ದಾನಿಗಳಿಂದ ಕೊಡಿಸಿ, ಅದರ ಗೆರೆಗಳನ್ನು ವಾಟ್ಸ್ಆ್ಯಪಿನಲ್ಲಿ ತರಿಸಿಕೊಂಡು, ಹೊತ್ತುಗೊತ್ತು ನೋಡದೆ ಉತ್ತರ ಹೇಳುವುದು. 2023ರಲ್ಲಿ ಸರ್ಕಾರವೂ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿ, ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಬೆಂಗಳೂರಿನ ಜಯದೇವದಂಥ ಆಸ್ಪತ್ರೆಯ ತಜ್ಞರು ನೋಡಿ ಹೇಳುವ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಪುಕ್ಕಟೆಯಾಗಿ ಕೊಡುವ ವ್ಯವಸ್ಥೆಗೆ ತೊಡಗಿತು. ಚಾಪೆಲ್ ಹಿಲ್ಲಿನ ವೈದ್ಯರು ಮೇಲಿನ ರೋಗಿಗೆ ಮಾಡಿದ್ದೂ ಇದೇ: ಇರುವ ಮದ್ದನ್ನು ಇರುವ ಜಾಗದಲ್ಲಿಯೇ, ತಿಳಿದವರ ಮಾತಿನಂತೆ ಕೊಡುವುದು.

ವ್ಯತ್ಯಾಸವೆಂದರೆ, ಮೇಲಿನ ರೋಗಿಗೆ ಮದ್ದು ತಲಪಿಸಲು ಒಂದು ನೌಕೆ ಹೊರಡುವುದಿತ್ತು. ಹೆಪ್ಪು ಕರಗಿಸುವ ಚುಚ್ಚುಮದ್ದು ಬಿದ್ದ ಮೇಲೂ ಹೃದ್ರೋಗಿಯನ್ನು ನಾಳ ಬಿಡಿಸುವ ಆಸ್ಪತ್ರೆಗೆ ಸಾಗಿಸಬೇಕು. ಇಸಿಜಿಯ ಗೆರೆ ಜಾಲಿಯಿಂದ ಮಂಗಳೂರಿಗೆ ಹೋಗಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ರೋಗಿ ಹೋಗಬೇಕಾದ ರಸ್ತೆ ಸುಮಾರು 140 ಕಿಲೋಮೀಟರು. ಶಿರೂರಿನ ಟೋಲ್ ಗೇಟು ಸಿಗುವುದು ಅದರ ಆರಂಭದಲ್ಲಿಯೇ.