ಗೆಡ್
ಅಮೆರಿಕದ ಲೇಖಕಿ ಅರ್ಸುಲಾ ಕೆ. ಲೆ ಗ್ವಿನ್ (1929–2018) ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ (1968) ಕಾದಂಬರಿಯ ನಾಯಕ. ಗಾಂಟ್ ದ್ವೀಪದಲ್ಲಿ ಆಡು ಕಾಯುತ್ತಿದ್ದ ಹುಡುಗ. ಪ್ರತಿಭೆಯಷ್ಟೇ ಹಮ್ಮೂ ಉಂಟು. ರೋಕ್‌ನ ಮಾಂತ್ರಿಕ ಶಾಲೆಯಲ್ಲಿ ಸಹಪಾಠಿಯ ಮೇಲಿನ ಜಿದ್ದಿಗೆ ಸತ್ತವಳೊಬ್ಬಳ ಆತ್ಮವನ್ನು ಕರೆಯಹೋಗಿ, ಹೆಸರಿಲ್ಲದ ನೆರಳೊಂದನ್ನು ಲೋಕಕ್ಕೆ ಬಿಡುತ್ತಾನೆ. ಅದು ನುಗ್ಗಿಬಂದ ಬಿರುಕು ಮುಚ್ಚಲು ಹಿರಿಯ ಮಾಂತ್ರಿಕ ನೆಮ್ಮರ್ಲ್ ಪ್ರಾಣ ತೆರುತ್ತಾನೆ. ಗೆಡ್‌ನ ಮುಖದಲ್ಲಿ ಗಾಯದ ಕಲೆ ಉಳಿಯುತ್ತದೆ. ಹದಿಹರೆಯದ ಓದುಗರನ್ನು ಹಿಡಿದಿಡುವುದು ಇದೇ: ಅವನ ಬೆನ್ನಟ್ಟಿರುವುದು ಅವನದೇ ತಪ್ಪು. ದೈವದತ್ತ ಖಡ್ಗ, ಭವಿಷ್ಯವಾಣಿಗಳ ನಾಯಕರಿಗೆ ಈ ಸಂಕಟವಿಲ್ಲ. ಗುರು ಓಗಿಯನ್‌ನ ಮಾತಿನಂತೆ ಗೆಡ್ ನೆರಳಿನಿಂದ ಓಡುವುದನ್ನು ನಿಲ್ಲಿಸಿ, ತಿರುಗಿ ಅದರ ಬೇಟೆಗಿಳಿಯುತ್ತಾನೆ. ಕೊನೆಗೆ ನೆರಳನ್ನು ಕರೆಯುವುದು ತನ್ನದೇ ಹೆಸರಿನಿಂದ. ಮುಂದೆ ಮಹಾಮಾಂತ್ರಿಕನಾದರೂ, ‘ದ ಫಾರ್ದೆಸ್ಟ್ ಶೋರ್’ (1972) ಕಾದಂಬರಿಯಲ್ಲಿ ಮಂತ್ರಶಕ್ತಿಯನ್ನೆಲ್ಲ ವ್ಯಯಿಸಿ ಬರಿಗೈಯಲ್ಲಿ ಗಾಂಟ್‌ಗೆ ಮರಳುತ್ತಾನೆ.